ಚಿನ್ನಿಯ ರೆಕ್ಕೆ ಕತ್ತರಿಸಿದವಳು

ವಾಸಂತಿ, ನಿನ್ನಮ್ಮ ಸಾಕಿದ್ದ ಗಿಣಿಗೆ ಹಾರುವುದು ಮರೆತಿರಲಿಲ್ಲ. ಅದರ ರೆಕ್ಕೆಯನ್ನು ನಾನು ಕತ್ತರಿಸಿದ್ದೆ. ನಿನ್ನ ಚಿಕ್ಕಮ್ಮ ಹೇಳುತ್ತಿದ್ದೇನೆ — ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು.

ಅರವತ್ತರ ದಶಕದ ಆರಂಭವದು. ನಾನು ತೀರ್ಥಹಳ್ಳಿಯಿಂದ ಬಂದು, ಹೊಸನಗರದ ನಿಮ್ಮ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದೆ. ನೀನಿನ್ನೂ ಚಿಕ್ಕವಳು. ಚಿನ್ನಿ ಕೆಂಪು ತಲೆಯ ಗಿಣಿಗಳ ಜಾತಿಯದು, ಆದರೆ ಅದರ ತಲೆ ಬೂದಿ ಬಣ್ಣ. ಬಂದವರೆಲ್ಲ "ಇದಕ್ಕೆ ಬಣ್ಣ ಯಾವಾಗ ಬರತ್ತೆ?" ಎಂದು ಕೇಳುವರು. "ಹೆಣ್ಣು ಅದು, ಬರಲ್ಲ. ಶೃಂಗಾರವೆಲ್ಲ ಗಂಡಿಗೇ," ಎಂದು ಅಕ್ಕ ನಗುತ್ತಿದ್ದಳು. ಮನೆ ಬಿಟ್ಟು ಬಂದಿದ್ದ ನನಗೆ ಆ ಗಿಣಿಯೇ ಜೊತೆ. ಅದಿಲ್ಲದ ಮನೆಯನ್ನು ನೆನೆಯಲೂ ಆಗುತ್ತಿರಲಿಲ್ಲ.

ಚಳಿ ಕಮ್ಮಿಯಾಗುವ ಹೊತ್ತಿಗೆ ಒಂದು ಗಂಡು ಗಿಣಿ ಬರತೊಡಗಿತು. ತಲೆ ಕೆನ್ನೇರಳೆ, ರೆಕ್ಕೆಯ ಮೇಲೊಂದು ಕೆಂಪು ಮಚ್ಚೆ. ಪಂಜರದ ಕಂಬಿಗೆ ಜೋತುಬಿದ್ದು ಚಿನ್ನಿಗೆ ಗುಟುಕು ಕೊಡುತ್ತಿತ್ತು. ಚಿನ್ನಿ ತಳದ ಹಳೆ ಪೇಪರು ಹರಿದು ಮೂಲೆ ಕೆರೆಯುತ್ತಿತ್ತು.

"ಮೊಟ್ಟೆ ಇಡೋ ಕಾಲ ಕಣೆ. ಬಿಟ್ಬಿಡೋಣ ನಾಳೆ, ಅದರ ಸಂಸಾರ ಅದು ಮಾಡ್ಕೊಳ್ಳಲಿ," ಎಂದಳು ಅಕ್ಕ.

ಸಾಗರದ ಸಂತೆಯಲ್ಲಿ ಗಿಣಿ ಮಾರುವವನು ಮಾಡಿದ್ದನ್ನು ನೋಡಿದ್ದೆ — ರೆಕ್ಕೆಯ ಹೊರ ಅಂಚಿನ ಎರಡು ಗರಿ ಉಳಿಸಿ ಒಳಗಿನವನ್ನು ಕತ್ತರಿಸಿದರೆ, ಮಡಿಸಿದಾಗ ರೆಕ್ಕೆ ಇಡಿಯಾಗಿಯೇ ಕಾಣುತ್ತದೆ. ಅಕ್ಕ ದೇವಸ್ಥಾನಕ್ಕೆ ಹೋದಾಗ ಹೊಲಿಗೆಯ ಕತ್ತರಿ ತೆಗೆದುಕೊಂಡೆ. ಚಿನ್ನಿ ನನ್ನನ್ನು ಕಚ್ಚಲೂ ಇಲ್ಲ. ನಾನು ಅಂದುಕೊಂಡದ್ದು ಇಷ್ಟೇ — ಹಾರಲು ಆಗುವುದಿಲ್ಲ, ಅಂಗಳದಲ್ಲೇ ಇಳಿಯುತ್ತದೆ, "ಇರಲಿ ಬಿಡು" ಎಂದು ಅಕ್ಕ ಒಳಗೆ ತರುತ್ತಾಳೆ... ಬೆಕ್ಕಿನ ಯೋಚನೆ ಬರಲೇ ಇಲ್ಲ.

ಮರುದಿನ ಅಕ್ಕ ಬಾವಿಕಟ್ಟೆಯ ಬಳಿ ನಿಂತು ಚಿನ್ನಿಯನ್ನು ಮೇಲಕ್ಕೆ ಬಿಟ್ಟಳು. ನೀನು ಚಪ್ಪಾಳೆ ತಟ್ಟಿದೆ. ಹಲಸಿನ ಮರದಲ್ಲಿ ಗಂಡು ಕೂಗುತ್ತಿತ್ತು. ಚಿನ್ನಿ ಒಂದು ಮಗ್ಗುಲಿಗೆ ವಾಲಿ ಬೇಲಿಯಾಚೆ ಬಿತ್ತು. ನಾವು ಓಡುವಷ್ಟರಲ್ಲಿ ಪಕ್ಕದ ಮನೆಯ ಬೆಕ್ಕು ಅದನ್ನು ಕಚ್ಚಿಕೊಂಡು ಹೋಗಿತ್ತು. ಬಿಡುವ ಮೊದಲು ಯಾರೂ ಆ ರೆಕ್ಕೆಯನ್ನು ಬಿಡಿಸಿ ನೋಡಿರಲಿಲ್ಲ.

"ಕೂಡಿಹಾಕಿ ಕೂಡಿಹಾಕಿ ನಾನೇ ಅದಕ್ಕೆ ಹಾರೋದು ಮರೆಸ್ಬಿಟ್ಟೆ," ಎಂದು ಅಕ್ಕ ಅತ್ತಳು. ಆಗಲೇ ಹೇಳಬಹುದಿತ್ತು. ಬೈಯುತ್ತಿದ್ದಳು, ಅಷ್ಟೇ.

ಹತ್ತು ವರ್ಷ ಕಳೆದು ನೀನು ಎಸ್ಸೆಸ್ಸೆಲ್ಸಿ ಪಾಸಾದೆ. ಶಿವಮೊಗ್ಗದ ಕಾಲೇಜು, ಹಾಸ್ಟೆಲ್ಲು ಎಂದು ಕುಣಿಯುತ್ತಿದ್ದೆ. ಭಾವನೂ ಒಪ್ಪಿದ್ದರು. ಅಕ್ಕ ಮಾತ್ರ ಬಿಲ್‌ಕುಲ್ ಒಪ್ಪಲಿಲ್ಲ.

"ಮನೇಲಿ ಬೆಳೆದದ್ದನ್ನ ಹೊರಗೆ ಬಿಟ್ರೆ ಬದುಕಲ್ಲ. ಕಣ್ಣಾರೆ ನೋಡಿದೀನಿ ನಾನು."

ನೀನು ನನ್ನ ಮುಖ ನೋಡಿದೆ, ಚಿಕ್ಕಮ್ಮನಾದರೂ ಒಂದು ಮಾತು ಹೇಳಲಿ ಎಂದು. ನನಗೆ ಆಗಷ್ಟೇ ಮದುವೆಯಾಗಿತ್ತು, ಪಕ್ಕದಲ್ಲೇ ಗಂಡ ಕೂತಿದ್ದರು. ಅವರೆದುರು ಸಣ್ಣವಳಾಗಲು ಮನಸ್ಸಾಗಲಿಲ್ಲ. ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ನಿನ್ನ ಓದು ಅಲ್ಲಿಗೆ ನಿಂತಿತು.

ಈಗ ಅಕ್ಕನೂ ಇಲ್ಲ. ಅವಳ ತಿಥಿಯ ದಿನ ಎಲೆ ಹಾಕುತ್ತಾ ನೀನು, "ಅಮ್ಮ ನನ್ನ ಬಾಳು ಹಾಳು ಮಾಡಿದ್ಲು," ಎಂದೆ. ಆಗಲೂ ನಾನು ಪಲ್ಯ ಬಡಿಸುತ್ತಲೇ ಇದ್ದೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಿನ್ನಮ್ಮ ನಿನಗೇನಾಗುತ್ತದೋ ಎಂದು ಹೆದರಿದಳು, ಆ ಹೆದರಿಕೆ ಹುಟ್ಟಿಸಿದವಳು ನಾನು. ಭಾನುವಾರ ನಿನ್ನ ಮನೆಗೆ ಬರುತ್ತೇನೆ. ತಿಥಿಯ ದಿನ ಅವಳ ಬಗ್ಗೆ ಹೇಳಿದ ಮಾತನ್ನು ನನ್ನ ಮುಖಕ್ಕೆ ಹೇಳು.