ಹಲ್ಲಿನವನು ಕೂಗಿದ ಸವಾಲು

ಹರಾಜಿನಲ್ಲಿ ಬೆಲೆ ಕಟ್ಟುವುದು ಎರಡನೆಯ ಕೈ. ಒಂದೇ ಕೈ ಎದ್ದರೆ ಚಿನ್ನವೂ ತಗಡಿನ ಬೆಲೆಗೆ ಹೋಗುತ್ತದೆ. ಹರಾಜಿನ ಕುರ್ಚಿಗಳಲ್ಲಿ ಕೂತವರಿಗೆಲ್ಲ ಇದು ಗೊತ್ತು. ಗೊತ್ತಿಲ್ಲದಿರುವುದು ವಸ್ತು ಕೊಟ್ಟು ಮನೆಯಲ್ಲಿ ಕಾಯುವವರಿಗೆ ಮಾತ್ರ. ನಿಮಗೂ ಗೊತ್ತಿರಬೇಕಿತ್ತು.

ಹಲ್ಲಿನವನಿಗೆ ಚೆನ್ನಾಗಿ ಗೊತ್ತಿತ್ತು. ಹಲ್ಲಿನವನು ಎಂದರೆ ಹಲ್ಲು ಕೀಳುವವನಲ್ಲ. ಕೀಳುವವರು ಡಾಕ್ಟರು, ಅವರು ಮುಂದಿನ ಕೋಣೆಯಲ್ಲಿ, ಗಾಜಿನ ಬಾಗಿಲಿನ ಆಚೆ. ಇವನು ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವವನು. ಒಂದು ಕಿಟಕಿ, ಮೇಣ ಕರಗಿಸುವ ದೀಪ, ಹುಬ್ಬಿನ ಮೇಲೂ ಕೂರುವ ಪ್ಲಾಸ್ಟರಿನ ಧೂಳು, ಬಿಳಿ, ಹಳದಿ, ಹೊಗೆಬಣ್ಣ ಎಂದು ವಿಂಗಡಿಸಿಟ್ಟ ಹಲ್ಲುಗಳ ಡಬ್ಬಿಗಳು. "ಈ ಊರಲ್ಲಿ ಯಾರು ನಕ್ಕರೂ ಅದರಲ್ಲಿ ಅರ್ಧ ನಗು ನಂದೇ" ಎಂದು ಅವನು ಹೇಳಿಕೊಳ್ಳುತ್ತಿದ್ದ. ಹೇಳುವಾಗ ತಾನು ಮಾತ್ರ ನಗುತ್ತಿರಲಿಲ್ಲ.

ಒಮ್ಮೆ ಮುದುಕಿಯೊಬ್ಬಳು ತನ್ನ ಹಳೆಯ ನಗು ಹೇಗಿತ್ತೆಂದು ತೋರಿಸಲು ಒಂದು ಫೋಟೋ ತಂದಳು. ಫೋಟೋ ಇದ್ದದ್ದು ಯಾವುದೋ ದೂರದ ದೇಶದ ಲಕೋಟೆಯಲ್ಲಿ. ಹಲ್ಲು ಸರಿಹೋಯಿತು, ಫೋಟೋ ವಾಪಸ್ಸು ಹೋಯಿತು, ಲಕೋಟೆ ಇವನ ಬಳಿ ಉಳಿಯಿತು. ಅದರ ಮೇಲೆ ಮೂರು ಬಂದರುಗಳ ಮುದ್ರೆಗಳಿದ್ದವು. ತಾನು ಸಮುದ್ರವನ್ನೇ ನೋಡಿಲ್ಲವಲ್ಲ, ಈ ಕಾಗದ ಮೂರು ಸಮುದ್ರ ನೋಡಿ ಬಂದಿದೆಯಲ್ಲ ಎಂಬ ಹೊಟ್ಟೆಕಿಚ್ಚು ಅವನೊಳಗೆ ಬಿದ್ದದ್ದು ಆಗ. ಅಂದಿನಿಂದ ಹಳೆಯ ವಿದೇಶಿ ಅಂಚೆಯ ಹುಚ್ಚು ಹತ್ತಿತು. ಲಕೋಟೆಯಿಂದ ಅಂಚೆಚೀಟಿಯನ್ನಷ್ಟೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುವವರನ್ನು ಕಂಡರೆ ಅವನಿಗಾಗುತ್ತಿರಲಿಲ್ಲ. "ಹಲ್ಲು ಇಟ್ಟುಕೊಂಡು ಬಾಯಿ ಬಿಸಾಕಿದ ಹಾಗೆ" ಎನ್ನುತ್ತಿದ್ದ.

ಇಂಥ ಹುಚ್ಚಿಗೆ ಜೊತೆ ಸಿಗುವುದು ಕಷ್ಟ. ಇವನಿಗೆ ಸಿಕ್ಕಿತ್ತು. ಭಾನುವಾರ ಬೆಳಿಗ್ಗೆ ಚಹಾದಂಗಡಿಯ ಹಿಂದಿನ ಮೇಜು. ಅಲ್ಲಿ ಡ್ರಾಯಿಂಗ್ ಮೇಷ್ಟ್ರು, ಕಬ್ಬಿಣದ ಅಂಗಡಿಯ ಸಾಹುಕಾರ, ಒಬ್ಬ ವಕೀಲರು, ಮತ್ತು ಇವನು. ಹಲ್ಲಿನವನಿಗೆ ಬೇರೆ ಸ್ನೇಹಿತರಿರಲಿಲ್ಲ. ಸಾಹುಕಾರ ಏಕವಚನದಲ್ಲಿ ಕರೆದರೂ, ವಕೀಲರು ಚಹಾದ ದುಡ್ಡು ಕೊಡುವಾಗ ಯಾವಾಗಲೂ ಜೇಬು ತಡಕಿ ಕಿಟಕಿಯಾಚೆ ನೋಡಿದರೂ, ಆ ಮೇಜಿನಲ್ಲಿ ಅವನು ಮನುಷ್ಯನಾಗಿರುತ್ತಿದ್ದ.

ಆ ಮೇಜಿಗೊಂದು ನಿಯಮವಿತ್ತು. ಊರಿನ ಹರಾಜಿನಲ್ಲಿ ಹಳೆಯ ಅಂಚೆ ಬಂದಾಗ ನಾಲ್ವರೂ ಮೊದಲೇ ಹಂಚಿಕೊಳ್ಳುತ್ತಿದ್ದರು: ಇದು ನಿನಗೆ, ಅದು ನನಗೆ. ಯಾರ ಪಾಲಿನ ವಸ್ತು ಬಂತೋ ಅವನೊಬ್ಬನೇ ನಂಬರಿನ ಕಾರ್ಡು ಎತ್ತಬೇಕು. ಉಳಿದ ಮೂವರು ತಮ್ಮ ಕಾರ್ಡುಗಳನ್ನು ತೊಡೆಯ ಕೆಳಗಿಟ್ಟು ಕೂರಬೇಕು. 'ಕಾರ್ಡಿನ ಮೇಲೆ ಕೂರುವುದು' ಎಂದೇ ಅದಕ್ಕೆ ಹೆಸರು. ಹಿಂದಿನ ಸಾಲಿನ ಹೊರಗಿನವರು ಈ ನಾಲ್ವರ ಕಡೆ ನೋಡುತ್ತಿದ್ದರು. ಬಲ್ಲವರೇ ಸುಮ್ಮನಿದ್ದಾರೆಂದರೆ ಮಾಲಿನಲ್ಲಿ ಏನೋ ಐಬಿರಬೇಕೆಂದು ಅವರೂ ಕೈ ಎತ್ತುತ್ತಿರಲಿಲ್ಲ. ಸುತ್ತಿಗೆ ಬೀಳುತ್ತಿತ್ತು. ಯಾರದೋ ಅಪ್ಪ ಜೀವಮಾನವಿಡೀ ಕೂಡಿಸಿದ್ದು ರದ್ದಿಯ ಬೆಲೆಗೆ ಕೈ ಬದಲಾಗುತ್ತಿತ್ತು. ಯಾರೂ ಯಾರ ಜೇಬಿಗೂ ಕೈ ಹಾಕಿರಲಿಲ್ಲ. ಸುಮ್ಮನೆ ಕೂತಿದ್ದರು, ಅಷ್ಟೇ. ಕೂತು ಮಾಡುವ ಕಳ್ಳತನಕ್ಕೆ ಬೆವರು ಬರುವುದಿಲ್ಲ.

ನಿಯಮ ಹುಟ್ಟಿದ್ದು ಮೇಷ್ಟ್ರ ತಲೆಯಲ್ಲಿ. ಆ ಮೇಷ್ಟ್ರೇ ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡರು.

ಕೆಲವು ತಿಂಗಳಾದ ಮೇಲೆ ಮೇಷ್ಟ್ರ ಹೆಂಡತಿ ಹಲ್ಲಿನವನ ಹಿಂದಿನ ಕೋಣೆಗೆ ಬಂದರು. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸು. ಕೊರಳಿನ ಅಳತೆ ಟೇಪು ತೆಗೆಯುವುದನ್ನೂ ಮರೆತು ಬಂದಿದ್ದರು.

"ನೋಡು ತಮ್ಮಾ, ನಿನ್ನ ಸ್ನೇಹಿತರು ಬಿಟ್ಟು ಹೋಗಿದ್ದು ಎರಡು ಕಪಾಟು ಕಾಗದ, ಒಂದು ಕನ್ನಡಕ. ಕನ್ನಡಕ ನನ್ನ ಕಣ್ಣಿಗೆ ಹೊಂದಲ್ಲ."

"ಕಾಗದ ಮಾರ್ತೀರಾ ಅಕ್ಕಾ?"

"ಮಾರದೆ ಹಾಸಿಕೊಂಡು ಮಲಗಲಾ? ಬೀದಿ ಕಡೆ ಕೋಣೆ ಖಾಲಿ ಇದೆ. ಎರಡು ಹೊಲಿಗೆ ಯಂತ್ರ ಹಾಕಿ ಅಂಗಡಿ ಇಡೋಣ ಅಂತ ಮದುವೆಯಾದಾಗಿಂದ ಬಡಕೊಂಡೆ. ಪ್ರತಿ ಸಲ ನನ್ನ ಯಂತ್ರ ಯಾವುದೋ ದೇಶದ ಹಡಗು ಹತ್ತಿ ಹೋಗೋದು. ಈಗ ಆ ಆಲ್ಬಮ್ಮುಗಳ ಒಳಗೆ ಕೂತಿದೆ. ಹೊರಗೆ ತೆಗಿಸಿಕೊಡು."

ಹಲ್ಲಿನವನೇ ಓಡಾಡಿ ಎಲ್ಲವನ್ನೂ ಹರಾಜಿಗೆ ಕೊಡಿಸಿದ. ಇದಕ್ಕಿಂತ ಕೆಳಗೆ ಮಾರಬೇಡಿ ಎಂದು ಕನಿಷ್ಠ ಬೆಲೆ ಬರೆಸಬಹುದಂತೆ, ಬರೆಸಬೇಕಾ ಎಂದು ಆಕೆ ಕೇಳಿದಾಗ ಅವನೇ ಬೇಡವೆಂದ. "ಕನಿಷ್ಠ ಬೆಲೆ ಹಾಕಿದರೆ ಕೊಳ್ಳೋರು ಮೂಗು ಮುರೀತಾರೆ ಅಕ್ಕಾ. ನಾವೆಲ್ಲ ಇರ್ತೀವಲ್ಲ."

ಅವನು ಸುಳ್ಳು ಹೇಳಿರಲಿಲ್ಲ. ನಿಯಮವಿರುವುದು ಊರವರಿಗೆ, ಮೇಷ್ಟ್ರ ಮನೆಯದ್ದಕ್ಕೆ ಯಾರು ತಾನೇ ಕಾರ್ಡಿನ ಮೇಲೆ ಕೂರುತ್ತಾರೆ ಎಂದೇ ಅವನು ನಂಬಿದ್ದ. ಇಷ್ಟು ವರ್ಷ ಆ ಮೇಜಿನಲ್ಲಿ ಕೂತವನು ಮಾತ್ರ ಮಾಡಬಹುದಾದ ತಪ್ಪು ಅದು.

ಮುಂದಿನ ಭಾನುವಾರ ಸಾಹುಕಾರ ಹರಾಜಿನ ಕ್ಯಾಟಲಾಗನ್ನು ಮೇಜಿನ ಮೇಲೆ ಹರವಿದ.

"ಸೈನ್ಯದ ಅಂಚೆ ನಂದು. ವಿಮಾನದ್ದು ವಕೀಲರಿಗೆ. ಮುಳುಗಿದ ಹಡಗಿನದ್ದು ನಮ್ಮ ಹಲ್ಲಿಗೆ. ಖುಷಿನಾ?"

"ಇದು ಮೇಷ್ಟ್ರ ಮನೆಯದ್ದು" ಎಂದ ಹಲ್ಲಿನವನು.

"ಗೊತ್ತಪ್ಪಾ. ಅದಕ್ಕೇ ಒಂದೂ ಕೆಟ್ಟ ಮಾಲಿಲ್ಲ."

ವಕೀಲರು ಚಹಾ ಊದಿದರು. "ಭಾವನೆ ಬೇರೆ, ವ್ಯವಹಾರ ಬೇರೆ. ನಿಯಮ ಮಾಡಿದ್ದೇ ಅವರು. ಮುರಿದರೆ ಅವರ ಆತ್ಮಕ್ಕೆ ಬೇಜಾರಾಗುತ್ತೆ."

ಇಬ್ಬರೂ ನಕ್ಕರು. ಹಲ್ಲಿನವನು ನಗಲಿಲ್ಲ, ಜಗಳವನ್ನೂ ಆಡಲಿಲ್ಲ. ಅವನ ಬಾಯಿ ಕಟ್ಟಿದ್ದು ಆ ಮುಳುಗಿದ ಹಡಗಿನ ಲಕೋಟೆ. ಮೇಷ್ಟ್ರು ಅದನ್ನು ಆಗಾಗ ಅವನ ಕೈಗೆ ಕೊಡುತ್ತಿದ್ದರು. ಅವನು ಚಿಮಟದಲ್ಲಿ ಹಿಡಿದು ನೋಡಿ ಹಿಂದಿರುಗಿಸುತ್ತಿದ್ದ. ಹಡಗು ಮುಳುಗಿದ ಮೇಲೆ ಸಮುದ್ರದಿಂದ ಎತ್ತಿದ ಅಂಚೆ ಚೀಲದ್ದು. ಚೀಟಿ ನೀರಲ್ಲಿ ಕಳಚಿ ಹೋಗಿ ಆ ಜಾಗದಲ್ಲಿ ಒಂದು ಮಾಸಲು ಚೌಕ ಉಳಿದಿತ್ತು. ವಿಳಾಸದ ಶಾಯಿ ಹರಡಿದ್ದರೂ ಓದಲು ಬರುತ್ತಿತ್ತು. ಪಕ್ಕದಲ್ಲಿ ಯಾವುದೋ ಅಂಚೆ ಕಚೇರಿ ಒತ್ತಿದ ಮುದ್ರೆ: ಸಮುದ್ರದ ನೀರಿನಿಂದ ಕೆಟ್ಟಿದೆ. ಕೆಟ್ಟರೂ ಮನೆ ಮುಟ್ಟಿದ ಕಾಗದ. ಅದಕ್ಕಾಗಿ ಅವನು ವರ್ಷಗಳಿಂದ ಸ್ವಲ್ಪ ಸ್ವಲ್ಪ ದುಡ್ಡು ಎತ್ತಿಟ್ಟಿದ್ದ. ಈಗ ಅಷ್ಟೂ ಬೇಕಾಗಿರಲಿಲ್ಲ. ಒಂದು ಸಲ ಕೈ ಎತ್ತಿದರೆ ಸಾಕು, ಬಿಟ್ಟಿ ಸಿಕ್ಕ ಹಾಗೆ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಆಕೆ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಒಳ್ಳೇದಾಯ್ತು. ಮೇಷ್ಟ್ರ ಹೆಂಡತಿಗೆ ಯಂತ್ರ ಬರುತ್ತಾ?"

ಅವನು ಒಂದು ಟವೆಲ್ಲು ಎತ್ತಿಕೊಂಡು ತಾನೂ ಮಡಚತೊಡಗಿದ.

"ಅಲ್ಲಾರೀ, ನೀವು ಹೋದ ಮೇಲೆ ನನ್ನ ಮನೆಗೂ ಇದೇ ವಕೀಲರು, ಇದೇ ಸಾಹುಕಾರರು ಬರ್ತಾರಾ? ಯಾರಿಗೆ ಯಾವುದು ಅಂತ ಈಗಲೇ ಹೇಳಿಬಿಡಿ, ಬೇರೆ ಬೇರೆ ಚೀಲಕ್ಕೆ ಹಾಕಿಟ್ಟಿರ್ತೀನಿ. ಪಾಪ, ಅವರಿಗೆ ಕುರ್ಚಿ ಮೇಲೆ ಕೂರೋ ಕಷ್ಟಾನೂ ತಪ್ಪುತ್ತೆ."

ಹೇಳಿ ನಕ್ಕಳು. ಅವಳ ಪಾಲಿಗೆ ಅದು ತಮಾಷೆ. ಅವನಿಗೆ ಬೇರೆ ಮನೆಗಳು ನೆನಪಾದವು. ಹಡಗಿನ ಇಂಜಿನಿಯರನ ತಮ್ಮ, ಕುಂಟುತ್ತಾ ಬಂದು ಎರಡು ಪೆಟ್ಟಿಗೆ ಕೊಟ್ಟು ಹೋಗಿದ್ದವನು. ಔಷಧಿ ಅಂಗಡಿಯವನ ಮಗಳು, ಆಲ್ಬಮ್ಮನ್ನು ಮಗುವಿನ ಬಟ್ಟೆಯಲ್ಲಿ ಸುತ್ತಿ ತಂದವಳು. ಅವರಿಗೆ ಏನು ಸಿಕ್ಕಿತೆಂದು ಅವನು ಒಂದು ದಿನವೂ ವಿಚಾರಿಸಿರಲಿಲ್ಲ. ಅವರ ಮನೆಯ ವಸ್ತುಗಳು ಇವನ ಕಪಾಟಿನಲ್ಲಿದ್ದವು.

ಮರುದಿನ ಹರಾಜಿನ ಕಚೇರಿಗೆ ಹೋಗಿ ಕನಿಷ್ಠ ಬೆಲೆ ಸೇರಿಸಬಹುದೇ ಎಂದು ಕೇಳಿದ. ಕ್ಯಾಟಲಾಗು ಅಚ್ಚಾಗಿ ಹಂಚಿಯಾಯಿತು, ಇನ್ನು ಬದಲಿಸಲಾಗದು ಎಂದರು. ಮೇಷ್ಟ್ರ ಮನೆಯ ತಿರುವಿನವರೆಗೂ ನಡೆದ. ಹೇಳುವ ಮುಖವಿಲ್ಲದೆ ಹಿಂದಿರುಗಿದ.

ಹರಾಜು ನಡೆಯುತ್ತಿದ್ದದ್ದು ಒಂದು ಪೀಠೋಪಕರಣದಂಗಡಿಯ ಮಹಡಿಯಲ್ಲಿ. ಕೆಳಗಿನ ವಾರ್ನಿಷಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಮಾರುವವರು ಸಾಮಾನ್ಯವಾಗಿ ಅಲ್ಲಿಗೆ ಬರುವುದಿಲ್ಲ. ಅಂದು ಮೇಷ್ಟ್ರ ಹೆಂಡತಿ ಬಂದು ಕೊನೆಯ ಸಾಲಿನಲ್ಲಿ ಕೂತರು. ವಕೀಲರು ಎದ್ದು ಕೈಮುಗಿದು, "ಬನ್ನಿ ಅಮ್ಮಾ, ಗಾಳಿ ಬರೋ ಕಡೆ ಕೂತ್ಕೊಳ್ಳಿ" ಎಂದು ಉಪಚಾರ ಮಾಡಿದರು. ಆಮೇಲೆ ಎರಡನೆಯ ಸಾಲಿಗೆ ಬಂದು ತಮ್ಮ ಕಾರ್ಡಿನ ಮೇಲೆ ಕೂತರು.

ಮೊದಲು ಸೈನ್ಯದ ಅಂಚೆ ಬಂತು. ಸಾಹುಕಾರ ಆರಂಭದ ಬೆಲೆಗೇ ಕಾರ್ಡು ಎತ್ತಿದ, ಸೊಳ್ಳೆ ಓಡಿಸುವಷ್ಟು ಆರಾಮವಾಗಿ. ಹರಾಜು ಕೂಗುವವರು ಸುತ್ತ ಕಣ್ಣು ಹಾಯಿಸಿದರು. "ಒಂದು ಸಲ..." ಹಿಂದಿನ ಸಾಲಿನಲ್ಲಿ ಪರವೂರಿನ ಗಂಡಹೆಂಡತಿ, ಒಬ್ಬ ಹಳೆ ಪುಸ್ತಕದ ವ್ಯಾಪಾರಿ. ಮೂವರೂ ಎರಡನೆಯ ಸಾಲನ್ನೇ ನೋಡುತ್ತಿದ್ದರು. "ಎರಡು ಸಲ..."

ಹಲ್ಲಿನವನು ತೊಡೆಯ ಕೆಳಗಿನಿಂದ ಕಾರ್ಡು ಎಳೆದ. ಅದು ಬೆಚ್ಚಗಿತ್ತು. ಎತ್ತಿದ.

"ಏಯ್ ಹಲ್ಲು, ಇದು ನಂದು" ಎಂದು ಸಾಹುಕಾರ ಪಿಸುಗುಟ್ಟಿದ.

"ನಿಮ್ಮದಾದರೆ ಕೊಂಡುಕೊಳ್ಳಿ."

ಸಾಹುಕಾರ ಮತ್ತೆ ಎತ್ತಿದ. ಇವನೂ ಎತ್ತಿದ. ತನ್ನ ಕೊರಳಿಗೇ ಬಿದ್ದರೆ ಅಷ್ಟನ್ನೂ ಕೊಟ್ಟು ಕೊಳ್ಳಲು ತಯಾರಾಗಿಯೇ ಎತ್ತಿದ. ಬಲ್ಲವರು ಜಗಳಾಡುತ್ತಿದ್ದಾರೆಂದರೆ ಮಾಲು ಗಟ್ಟಿಯಿರಬೇಕೆಂದು ಪುಸ್ತಕದ ವ್ಯಾಪಾರಿಯ ಕೈ ಎದ್ದಿತು. ಹಿಂದೆಯೇ ಪರವೂರಿನ ಹೆಂಗಸಿನ ಕೈ. ಆಮೇಲೆ ಹಲ್ಲಿನವನ ಅಗತ್ಯವೇ ಬೀಳಲಿಲ್ಲ. ಮುಂದಿನ ವಸ್ತುವಿಗೂ ಹಾಗೇ, ಅದರ ಮುಂದಿನದಕ್ಕೂ ಹಾಗೇ. ಯಾರೂ ಎತ್ತದಾಗ ಇವನು ಎತ್ತುವುದು, ಕೂತವರೆಲ್ಲ ಎಚ್ಚರಾದ ಮೇಲೆ ಸುಮ್ಮನಾಗುವುದು.

ವಕೀಲರು ಕೋರ್ಟಿನಲ್ಲಿ ಪಳಗಿದವರು. ವಿಮಾನದ ಅಂಚೆಯ ಆಲ್ಬಮ್ಮು ಬಂದಾಗ ಇವನನ್ನು ಮೇಲೆ ಮೇಲೆ ಹತ್ತಿಸಿ ತಟ್ಟನೆ ಕೈ ಕೆಳಗಿಳಿಸಿದರು. ಸುತ್ತಿಗೆ ಬಿತ್ತು. ತನಗೆ ಬೇಡದ ಆಲ್ಬಮ್ಮು ಹಲ್ಲಿನವನ ಪಾಲಾಯಿತು; ಕೂಡಿಟ್ಟಿದ್ದರಲ್ಲಿ ದೊಡ್ಡ ಭಾಗ ಅದಕ್ಕೇ ಹೋಯಿತು. ವಕೀಲರು ಅವನ ಮಂಡಿ ತಟ್ಟಿದರು. "ಶುಭವಾಗಲಿ. ಇನ್ಮೇಲೆ ಆಕಾಶದಲ್ಲೇ ಹಾರಾಡು."

ಆಮೇಲೆ ಮುಳುಗಿದ ಹಡಗಿನ ಲಕೋಟೆ. ಹಲ್ಲಿನವನು ಎತ್ತಿದ. ಸಾಹುಕಾರ ಎಲ್ಲರಿಗೂ ಕೇಳುವಂತೆ ಸವಾಲು ಕೂಗಿದ. ಇವನು ಮತ್ತೆ ಎತ್ತಿದ, ಮತ್ತೆ ಎತ್ತಿದ. ಆಮೇಲೆ ಎತ್ತಲು ದುಡ್ಡೇ ಉಳಿದಿರಲಿಲ್ಲ. ಸಿಟ್ಟಿನಲ್ಲಿದ್ದ ಸಾಹುಕಾರ ಇವನು ನಿಲ್ಲಿಸಿದ್ದನ್ನೂ ಗಮನಿಸದೆ ಪುಸ್ತಕದ ವ್ಯಾಪಾರಿಯ ಸವಾಲಿನ ಮೇಲೆ ಬೆಲೆ ಏರಿಸುತ್ತಲೇ ಹೋದ. ಕೂಗುವವರು ಕನ್ನಡಕ ತೆಗೆದು ಒರೆಸಿಕೊಂಡು, ಅದೇ ಬೆಲೆಯನ್ನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು.

ಮೆಟ್ಟಿಲ ಮೇಲೆ ಸಾಹುಕಾರ ಅಡ್ಡ ನಿಂತ. "ಉಂಡ ಮನೆಗೆ ಎರಡು ಬಗೀತೀಯಲ್ಲೋ!"

"ನಾವು ಉಂಡದ್ದು ಯಾರ ಮನೆಯಲ್ಲಿ ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ ಸಾಹುಕಾರರೇ."

"ಭಾನುವಾರ ಆ ಕಡೆ ಮುಖ ಹಾಕಬೇಡ" ಎಂದು ಸಾಹುಕಾರ ಲಕೋಟೆಯನ್ನು ಕಂಕುಳಲ್ಲಿ ಅವುಚಿಕೊಂಡು ಇಳಿದುಹೋದ.

ಮೇಷ್ಟ್ರ ಹೆಂಡತಿ ನಿಧಾನವಾಗಿ ಕೈಹಿಡಿಕೆ ಹಿಡಿದು ಬಂದರು. "ಎರಡಲ್ಲ, ಮೂರು ಯಂತ್ರ ಬರುತ್ತೆ ಅಂದರು ಗುಮಾಸ್ತರು. ನಿನ್ನ ಆ ಒದ್ದೆ ಕಾಗದ ಮಾತ್ರ ಕೈ ತಪ್ಪಿತಲ್ಲ ತಮ್ಮಾ."

ಆಗ ಅವನು ಹೇಳಿಬಿಟ್ಟ. ಕಾರ್ಡಿನ ಮೇಲೆ ಕೂರುವುದೆಂದರೇನು, ಯಾರು ಕಲಿಸಿದ್ದು, ಎಷ್ಟು ಕಾಲದಿಂದ ನಡೆದದ್ದು. ಆಕೆ ಕೈಹಿಡಿಕೆಯ ಮೇಲಿನ ಧೂಳನ್ನು ಬೆರಳಿನಲ್ಲಿ ಒರೆಸುತ್ತಾ ಕೇಳಿದರು.

"ಹಾಗಾದರೆ ನಮ್ಮ ಕಪಾಟಿನಲ್ಲಿ ಬೇರೆ ಹೆಂಗಸರ ಯಂತ್ರಗಳೂ ಇದ್ದವು ಅನ್ನು."

"ಹೌದಕ್ಕಾ. ನನ್ನದರಲ್ಲಿ ಇನ್ನೂ ಇವೆ."

ಬೀದಿ ಕಡೆಯ ಕೋಣೆಯಲ್ಲಿ ಈಗ ಮೂರು ಯಂತ್ರಗಳು ಓಡುತ್ತವೆ. ಒಂದರ ಮುಂದೆ ಔಷಧಿ ಅಂಗಡಿಯವನ ಮಗಳು ಕೂರುತ್ತಾಳೆ. ಅವಳನ್ನು ಹುಡುಕಿ ಕರೆತಂದು, ಅಪ್ಪನ ಆಲ್ಬಮ್ಮನ್ನು ಅವಳ ಕೈಗಿಟ್ಟು, ಅದಕ್ಕೆ ನಿಜವಾಗಿ ಏನು ಬರಬೇಕಿತ್ತೆಂದು ಹೇಳಿದವನು ಹಲ್ಲಿನವನೇ. ಅವಳು ಧನ್ಯವಾದ ಹೇಳಲಿಲ್ಲ. ಬಯ್ದಳು, ಚೆನ್ನಾಗಿ ಬಯ್ದಳು. ಅವನು ನಿಂತು ಕೇಳಿಸಿಕೊಂಡ. ಇಂಜಿನಿಯರನ ತಮ್ಮನ ಮನೆ ಇನ್ನೂ ಸಿಕ್ಕಿಲ್ಲ. ಭಾನುವಾರಗಳಂದು ಚಹಾ ಮುಗಿಸಿ ಆ ವಿಳಾಸ ವಿಚಾರಿಸಿಕೊಂಡು ಬೀದಿ ಬೀದಿ ತಿರುಗುತ್ತಾನೆ. ಚಹಾ ಈಗ ಮನೆಯಲ್ಲೇ.

ಹಳೆ ಅಂಚೆಯಾಗಲಿ, ಹಳೆ ಪಾತ್ರೆಯಾಗಲಿ, ಮನೆಯಾಗಲಿ, ಮರವಾಗಲಿ, ಅದರ ಬೆಲೆ ನಿಮಗೆ ಗೊತ್ತು, ಮಾರುವವರಿಗೆ ಗೊತ್ತಿಲ್ಲ; ಅಂಥದ್ದೊಂದು ವ್ಯವಹಾರ ಈ ವಾರವೂ ನಿಮ್ಮ ಮುಂದಿದೆ. ಇಲ್ಲವೆಂದು ನನ್ನ ಮುಂದೆ ಹೇಳಬೇಡಿ. ಎದ್ದು ಅವರ ಮನೆಗೆ ಹೋಗಿ. ಮುಖ ನೋಡಿ ನಿಜವಾದ ಬೆಲೆ ಹೇಳಿ. ಆಮೇಲೆ ಕೊಳ್ಳಿ.