ಮೇಲೇಳದ ರೆಪ್ಪೆಗಳು

ಎರಡು ವರ್ಷಗಳ ಹಿಂದಿನ ಮಾತು. ಶಿರಸಿಯಲ್ಲಿ ನಾನು ಕಣ್ಣಿನ ಕ್ಲಿನಿಕ್ ತೆರೆದು ಆಗಲೇ ಎರಡು ದಶಕ ಕಳೆದಿತ್ತು. ಆಗಸ್ಟ್‌ನ ಒಂದು ಬೆಳಿಗ್ಗೆ ಹೆಗ್ಗರಣೆಯ ಸಾವಿತ್ರಿ ಹೆಗಡೆ ಗಂಡನ ಕೈ ಹಿಡಿದು ಒಳಗೆ ಬಂದರು. ಸುತ್ತಲಿನ ಊರಿನ ಹೆಂಗಸರಿಗೆಲ್ಲ ಸ್ಕೂಟರ್ ಕಲಿಸಿದ ಗಟ್ಟಿಗಿತ್ತಿ. ಅಂದು ಎದುರಿಗಿದ್ದ ಕುರ್ಚಿ ನೋಡಲೂ ತಲೆಯನ್ನು ಹಿಂದಕ್ಕೆ ವಾಲಿಸಬೇಕಿತ್ತು. ಎರಡೂ ಕಣ್ಣಿನ ಮೇಲ್ರೆಪ್ಪೆಗಳು ಜೋತುಬಿದ್ದಿದ್ದವು. ನಾವು ಇದನ್ನು ಟೋಸಿಸ್ ಎನ್ನುತ್ತೇವೆ.

ಅವರಿಗೆ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ಕೀಮೋಥೆರಪಿ ನಡೆದಿತ್ತು, ಕುತ್ತಿಗೆಯ ಗಂಟುಗಳು ಕರಗುತ್ತಿದ್ದವು. ಅಷ್ಟರಲ್ಲಿ ಹೀಗಾಗಿತ್ತು.

“ಮಿದುಳಿಗೆ ಹೋಯ್ದು ಡಾಕ್ಟ್ರೆ, ಯಂಗೆ ಗೊತ್ತಿದ್ದು. ಆನು ಇನ್ನು ಹುಬ್ಬಳ್ಳಿಗೆ ಹೋಗ್ತ್ನಿಲ್ಲೆ,” ಎಂದರು ಸಾವಿತ್ರಿ ತಮ್ಮ ಹವ್ಯಕ ಮಾತಿನಲ್ಲಿ. ಕ್ಯಾನ್ಸರ್ ಮಿದುಳಿಗೂ ಹರಡಿದೆ, ಇನ್ನು ಚಿಕಿತ್ಸೆಯೇ ಬೇಡ ಎಂದು ಅವರು ನಿರ್ಧರಿಸಿಬಿಟ್ಟಿದ್ದರು.

ಪರೀಕ್ಷಿಸಿದೆ. ಪಾಪೆಗಳು ಸರಿಯಾಗಿದ್ದವು, ಕಣ್ಣು ಎಲ್ಲ ದಿಕ್ಕಿಗೂ ಹೊರಳುತ್ತಿತ್ತು. ಕೇಳಿದಾಗ ದವಡೆ ನೋವು, ಪಾದದ ಜೋಮು, ಮಲಬದ್ಧತೆ ಒಂದೊಂದಾಗಿ ಹೊರಬಂದವು. ಅವರ ಕೀಮೋದಲ್ಲಿದ್ದ ವಿನ್‌ಕ್ರಿಸ್ಟಿನ್ ಎಂಬ ಔಷಧ ನರಗಳನ್ನು ಬಳಲಿಸುತ್ತದೆ. ಅಪರೂಪಕ್ಕೆ ರೆಪ್ಪೆ ಎತ್ತುವ ನರವನ್ನೂ. ಆದರೆ ಇಷ್ಟು ಬೇಗ, ಇಷ್ಟು ಜೋರಾಗಿ ಏಕೆ?

“ಬೇರೆ ಮಾತ್ರೆ ಏನಾದರೂ?”

“ಎಂತದೂ ಇಲ್ಲೆ.”

ಗಂಡ ಹೆಂಡತಿಯತ್ತ ತಿರುಗಿ ನಡುವೆ ಬಾಯಿ ಹಾಕಿದರು. “ನೀನು ತುರಿಕೆ ಮಾತ್ರೆ ತಗತ್ತಾ ಇದ್ದೆ ಅಲ್ದಾ?”

“ಅದು ಚರ್ಮಕ್ಕೆ ಅಲ್ದಾ?”

ಮಳೆ ಶುರುವಾದಾಗ ಸೊಂಟಕ್ಕೆ ಹುಳುಕಡ್ಡಿ ಎದ್ದಿತ್ತಂತೆ. ಹಿಂದೊಮ್ಮೆ ಯಾರೋ ಬರೆದುಕೊಟ್ಟಿದ್ದ ಮಾತ್ರೆಯನ್ನೇ ಮತ್ತೆ ತರಿಸಿಕೊಂಡಿದ್ದರು. ಚೀಲದಿಂದ ತೆಗೆದು ತೋರಿಸಿದರು: ಇಟ್ರಾಕೊನಜೋಲ್. ವಿನ್‌ಕ್ರಿಸ್ಟಿನ್ ಅನ್ನು ಯಕೃತ್ತು ಕರಗಿಸಿ ಹೊರಹಾಕಬೇಕು. ಈ ಮಾತ್ರೆ ಆ ಕೆಲಸಕ್ಕೇ ಅಡ್ಡ ನಿಲ್ಲುತ್ತದೆ. ಆಗ ಸರಿಯಾದ ಪ್ರಮಾಣದ ಕೀಮೋ ಕೂಡ ದೇಹದೊಳಗೆ ವಿಪರೀತವಾಗುತ್ತದೆ.

ಅಲ್ಲಿಂದಲೇ ಅವರ ಕ್ಯಾನ್ಸರ್ ತಜ್ಞರಿಗೆ ಫೋನ್ ಮಾಡಿದೆ. “ಮಾತ್ರೆ ಈಗಲೇ ನಿಲ್ಲಿಸಿ. ಆದರೂ ಎಂಆರ್‌ಐ ಆಗಲೇಬೇಕು, ಇವತ್ತೇ ಕಳಿಸಿ,” ಎಂದರು.

ಇದು ಮಾತ್ರೆಯಿಂದಲೇ ಇರಬಹುದು ಎಂದು ವಿವರಿಸಿದಾಗ ಸಾವಿತ್ರಿ ತಲೆ ಹಿಂದಕ್ಕೆ ವಾಲಿಸಿ ನನ್ನ ಮುಖ ನೋಡಿದರು. “ಯಂಗೆ ಸಮಾಧಾನ ಆಗ್ಲಿ ಹೇಳಿ ಹೇಳ್ತಾ ಇಲ್ಲೆ ಅಲ್ದಾ?”

“ಇಲ್ಲ. ನನ್ನ ಅನುಮಾನ ಮಾತ್ರೆಯ ಮೇಲೆ. ಮಿದುಳಿನ ವಿಷಯ ಸ್ಕ್ಯಾನ್ ಹೇಳಲಿ.”

ಮಧ್ಯಾಹ್ನದ ಹುಬ್ಬಳ್ಳಿ ಬಸ್ಸಿಗೇ ಇಬ್ಬರೂ ಹೊರಟರು. ಸ್ಕ್ಯಾನ್‌ನಲ್ಲಿ ಮಿದುಳು ಸ್ವಚ್ಛವಾಗಿತ್ತು. ಮುಂದಿನ ಕೀಮೋ ಕೆಲಕಾಲ ತಡೆದರು, ಆಮೇಲೆ ವಿನ್‌ಕ್ರಿಸ್ಟಿನ್ ಕಡಿಮೆ ಮಾಡಿ ಮುಂದುವರಿಸಿದರು. ರೆಪ್ಪೆಗಳು ನಿಧಾನಕ್ಕೆ ಎದ್ದವು. ದೀಪಾವಳಿಯ ಹೊತ್ತಿಗೆ ಕಣ್ಣು ಪೂರ್ತಿ ತೆರೆದಿತ್ತು. ಚಿಕಿತ್ಸೆ ಮುಗಿಸಿದ ಅವರು ಈಗ ತಪಾಸಣೆಗೆ ಮಾತ್ರ ಹೋಗುತ್ತಾರೆ.

ದೊಡ್ಡ ಆಸ್ಪತ್ರೆ ಕೊಟ್ಟದ್ದಷ್ಟೇ ಔಷಧ, ಉಳಿದದ್ದು ಲೆಕ್ಕಕ್ಕಿಲ್ಲ ಎಂದು ರೋಗಿಗಳು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಹಾಗಾಗಿ ಈಗ ನಾನು “ಬೇರೆ ಮಾತ್ರೆ ಇದೆಯೇ” ಎಂದು ಕೇಳುವುದಿಲ್ಲ. ತುರಿಕೆಗೆ ಏನು ತೆಗೆದುಕೊಂಡಿರಿ, ನಿದ್ದೆಗೆ ಏನು, ಪಕ್ಕದ ಮನೆಯವರು ಕೊಟ್ಟದ್ದೇನು ಎಂದು ಬಿಡಿಸಿ ಕೇಳುತ್ತೇನೆ. ಕಣ್ಣು ನೋಡುವುದು ಆಮೇಲೆ.