ಕತ್ತಿಯ ಕೆಳಗಿನ ಒಪ್ಪಿಗೆ

ಆ ಊರಿನ ಶಾಲೆಗೆ ವರ್ಗವಾಗಿ ಬಂದ ದಿನವೇ ನಾನು ಕತ್ತರಿ ಮಾವನ ಅಂಗಡಿ ಹೊಕ್ಕೆ. ಊರೆಲ್ಲ ಅವರನ್ನು ಕರೆಯುತ್ತಿದ್ದುದೇ ಹಾಗೆ. ಹೆದ್ದಾರಿಯ ಅಂಚಿಗೆ ಒಂದು ಕುರ್ಚಿ, ಒಂದು ಕನ್ನಡಿಯ ಕ್ಷೌರದಂಗಡಿ. ನನ್ನ ಕೆನ್ನೆಗೆ ನೊರೆ ಹಚ್ಚಿ ಕತ್ತಿಯಿಟ್ಟವರು ಥಟ್ಟನೆ ಕೈಯೆತ್ತಿದರು. ಲಾರಿಯೊಂದು ಅಂಗಡಿಯನ್ನೆಲ್ಲ ಗಡಗಡ ನಡುಗಿಸಿ ಹೋಯಿತು.

"ಹೆದರ್ಬೇಡಿ ಮೇಷ್ಟ್ರೇ, ಲಾರಿ ಸದ್ದಿಗೆ ನನ್ನ ಕೈ ತಾನಾಗೇ ಏಳುತ್ತೆ."

ಅವರ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಲಾರಿ ಚಾಲಕರೇ. ಹೀಗಾಗಿ, ಊರನ್ನು ಬಳಸಿಕೊಂಡು ಬೈಪಾಸ್ ರಸ್ತೆ ಬರುತ್ತದೆಂಬ ಸುದ್ದಿ ಹಬ್ಬಿದಾಗ ಮಾವನಿಗೆ ಹೊಟ್ಟೆಯ ಮೇಲೆ ಹೊಡೆದಂತಾಯಿತು. ಲಾರಿಗಳು ಬಾರದಿದ್ದರೆ ಅಂಗಡಿ ಮುಚ್ಚಬೇಕಾದೀತು. ಊರವರನ್ನು ಒಗ್ಗೂಡಿಸಲು ಟೊಂಕ ಕಟ್ಟಿದರು. ಆದರೆ ಅಂಗಡಿ ಬಿಟ್ಟು ಕದಲಲಿಲ್ಲ. ಕುರ್ಚಿಗೆ ಬಂದ ಊರಿನ ಗಿರಾಕಿಯ ಗದ್ದವೆತ್ತಿ, ಗಂಟಲ ಮೇಲೆ ಕತ್ತಿಯಾಡಿಸುತ್ತ, "ಬೈಪಾಸ್ ಬೇಡ ತಾನೇ?" ಎನ್ನುವರು. ಗಿರಾಕಿ "ಹೂಂ" ಎನ್ನುವನು.

"ಊರೇ ನನ್ನ ಹಿಂದಿದೆ ಮೇಷ್ಟ್ರೇ!" ಎಂದು ನನ್ನೊಡನೆ ಬೀಗಿದರು.

ನಮ್ಮ ಶಾಲೆಯ ಅಂಗಳದಲ್ಲೇ ಸಭೆ ಸೇರಿತು. ಬೈಪಾಸ್ ಬೇಡವೆನ್ನುವವರು ಕೈಯೆತ್ತಿ ಎಂದು ಅಧಿಕಾರಿ ಹೇಳಿದಾಗ ಎತ್ತಿದವರು ಮಾವ, ಚಹಾದಂಗಡಿಯವ, ಮತ್ತೆ ಅರೆಮನಸ್ಸಿನಿಂದ ಪಂಕ್ಚರ್ ಹಾಕುವವ.

"ಏನ್ರಯ್ಯಾ, ನನ್ ಹತ್ರ ಎಲ್ರೂ ಹೂಂ ಅಂದ್ರಲ್ಲ?"

ಅವರ ಹೆಂಡತಿಯ ತಮ್ಮ ಎದ್ದು ನಿಂತ. "ಕುತ್ತಿಗೆ ಮೇಲೆ ಕತ್ತಿ ಇದ್ದಾಗ ತಲೆ ಅಡ್ಡ ಆಡ್ಸೋಕೆ ಯಾರಿಗೆ ಧೈರ್ಯ ಭಾವ?"

ಅಂಗಳವೆಲ್ಲ ಘೊಳ್ಳೆಂದಿತು. ನಗು ಅಡಗಿದ ಮೇಲೆ ಹೆಂಡತಿ ಮೆಲ್ಲಗೆ ಹೇಳಿದರು: "ರೀ, ರಸ್ತೆ ದಾಟಿ ಎದುರುಸಾಲಿನ ಮನೆಗೆ ಹೋಗ್ಬೇಕಂದ್ರೆ ಜೀವ ಕೈಲಿ ಹಿಡ್ಕೊಂಡು ನಿಂತಿರ್ತೀವಿ. ನಿಮಗೆ ಲಾರಿಯೋರ ಗಡ್ಡ ಒಂದೇ ಕಾಣ್ಸೋದು." ಮಾವ ಎತ್ತಿದ ಕೈಯನ್ನು ಇಳಿಸಿದರು.

ಬೈಪಾಸ್ ಬಂದೇ ಬಂತು. ಮೊದಮೊದಲು ಮಾವ ತಮ್ಮ ಕುರ್ಚಿಯಲ್ಲಿ ತಾವೇ ಕುಳಿತು ನೊಣ ಹೊಡೆದರು. ಅಂಗಡಿ ಮಾರುವ ಮಾತೂ ಬಂತು. ಆಮೇಲೊಂದು ಬೆಳಿಗ್ಗೆ ಎದುರುಸಾಲಿನ ಮುದುಕರಿಬ್ಬರು ಬಾಗಿಲಲ್ಲಿ ನಿಂತರು. ಕೆನ್ನೆಯ ತುಂಬ ಮನೆಯಲ್ಲೇ ಹೆರೆದುಕೊಂಡ ಗಾಯಗಳು.

"ಇಷ್ಟು ವರ್ಷ ಎಲ್ಲಿದ್ರಯ್ಯಾ?"

"ನಿನ್ನ ಎದುರಿಗೇ ಇದ್ವಿ ಮಾರಾಯ. ಮಧ್ಯ ಲಾರಿ ಇತ್ತು."

ಅವರ ಹಿಂದೆ ಆ ಸಾಲಿನ ಮಿಕ್ಕವರೂ ಬಂದರು. ಸಂಪಾದನೆ ಮೊದಲಿನಷ್ಟಿಲ್ಲ, ಆದರೆ ಅಂಗಡಿ ಉಳಿಯಿತು, ಒಲೆ ಆರಲಿಲ್ಲ.

ಈಗ ಮಾವ ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹಾಕಿ, ಕೈಚೀಲ ಹಿಡಿದು, ನಡೆಯಲಾರದವರ ಮನೆಗಳಿಗೆ ತಾವೇ ರಸ್ತೆ ದಾಟಿ ಹೋಗುತ್ತಾರೆ. ಒಂದು ಗಡ್ಡಕ್ಕೆ ಎರಡು ಲೋಟ ಚಹಾ, ಲೋಕದ ಸುದ್ದಿಯೆಲ್ಲ. ಮೊನ್ನೆ ಊಟದ ಹೊತ್ತು ಮೀರಿದ್ದಕ್ಕೆ ಹೆಂಡತಿ ಹೊಸ್ತಿಲಲ್ಲೇ ನಿಂತು ಕೂಗಿದರು. ಎದುರುಜಗುಲಿಯಿಂದ ಒಡನೆಯೇ ಉತ್ತರ ಬಂತು:

"ಬಂದೆ ಕಣೇ, ಇನ್ನೊಂದು ಕೆನ್ನೆ ಬಾಕಿಯಿದೆ!"